ಬಿಸ್ಕತ್ತು ಡಬ್ಬಿಯ ಹೆಸರುಕಾಳು

೧೦-೬-೧೯೫೭, ಸೋಮವಾರ. ಬೆಳಗ್ಗೆ ಏಳು.

ಹೆಸರುಕಾಳು ಬಸಿದು ಕಟ್ಟಿದ್ದಾಯಿತು. ನಾನಲ್ಲ, ಅವಳು. ಸರ್ವಮಂಗಳ. ತಮ್ಮ ಗುರುಮಲ್ಲಪ್ಪನ ಹೆಂಡತಿ. ಕುಪ್ಪಗಡ್ಡೆಯಿಂದ ಶಿಕಾರಿಪುರಕ್ಕೆ ಬಂದು ಇಪ್ಪತ್ತೆರಡು ದಿನ. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ. ಎಷ್ಟು ಅಚ್ಚುಕಟ್ಟು! ರಾತ್ರಿ ನೆನೆಹಾಕಿದ್ದನ್ನು ಮೂರು ನೀರಲ್ಲಿ ತೊಳೆದು, ಹಳೇ ಪಂಚೆಯ ಒದ್ದೆ ತುಂಡಿನಲ್ಲಿ ಸಡಿಲವಾಗಿ ಗಂಟು ಹಾಕಿ, ಒಲೆಯಿಂದ ಮೊಳ ದೂರ ಗೂಟಕ್ಕೆ ತೂಗುಹಾಕಿದಳು. ಬಿಗಿ ಕಟ್ಟಬಾರದು, ಕಾಳಿಗೂ ಉಸಿರಾಡಲು ಜಾಗ ಬೇಕು. ಹುಡುಗಿಗೆ ಅದೂ ಗೊತ್ತು. ಹೊಟ್ಟೆ ಉರಿಯಿತು.

ಈ ಮನೆಯ ಪದ್ಧತಿ ಇದು. ಹೊಸ ಸೊಸೆ ಮೂರು ಸೋಮವಾರ ಮೊಳಕೆ ಕಟ್ಟಬೇಕು. ಬುಧವಾರ ಅವ್ವ ದೇವರ ಮುಂದೆ ಗಂಟು ಬಿಚ್ಚುತ್ತಾಳೆ. ಮೂರರಲ್ಲಿ ಒಂದು ಚೆನ್ನಾಗಿ ಬಂದರೂ ಕೈಗುಣ ಒಳ್ಳೆಯದು, ಉಗ್ರಾಣದ ಕೀಲಿಕೈ ಸೊಸೆಯ ಸೊಂಟಕ್ಕೆ. ಹನ್ನೊಂದು ವರ್ಷದಿಂದ ಅದು ನನ್ನ ಸೊಂಟದಲ್ಲಿದೆ. ಗಂಡ ಸತ್ತ ತಿಂಗಳಿಗೇ ಸೊರಬದವರು ಕಾಲ್ಗುಣ ಸರಿಯಿಲ್ಲವೆಂದು ನನ್ನನ್ನು ಬಸ್ಸು ಹತ್ತಿಸಿದ್ದರು. ಅಳುತ್ತ ಬಂದವಳಿಗೆ ಅವ್ವ ಕೊಟ್ಟದ್ದು. ಅದು ಇರುವವರೆಗೆ ನಾನು ರಾಜಕ್ಕ. ಕೂಲಿಯವರೂ ಎದ್ದು ನಿಲ್ಲುತ್ತಾರೆ. ಹೋದರೆ ಮೂಲೆಯ ಮುಂಡೆ, ಎರಡು ಹೊತ್ತಿನ ಊಟ.

ಕೊಡುವುದಿಲ್ಲ.

ಕಾಳು ಅಳೆದು ಕೊಟ್ಟವಳು ನಾನು. ಬಿಸ್ಕತ್ತು ಡಬ್ಬಿಯಿಂದ. ಶನಿವಾರ ಮನೆಯಲ್ಲಿ ಯಾರೂ ಇಲ್ಲದಾಗ ಎರಡು ಸೇರು ಕಾಳನ್ನು ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಆಡಿಸಿ ತುಂಬಿಟ್ಟಿದ್ದೆ. ಬಣ್ಣ ಹೋಗಬಾರದು, ಜೀವ ಹೋಗಬೇಕು. ಇಷ್ಟು ವರ್ಷ ಒಲೆ ಮುಂದೆ ಕೂತವಳಿಗೆ ಆ ಹದ ಗೊತ್ತಿರದೇ?

೧೨-೬, ಬುಧವಾರ

ಬಿಚ್ಚಿದರು. ಲೋಳೆ. ಹುಳಿ ವಾಸನೆ. ಒಂದು ಕಾಳೂ ಮೂಗು ಹೊರಹಾಕಿಲ್ಲ.

ಅವ್ವ ಮೂಗಿಗೆ ಸೆರಗು ಹಿಡಿದಳು. "ಏನು ಕೈ ಇದು? ದೇವ್ರ ಮುಂದೆ ಕೊಳೆತದ್ದು ತಂದಿಟ್ಟೀಯಲ್ಲ!"

"ನಮ್ಮನೇಲಿ ನಾನೇ ಕಟ್ತಿದ್ದೆ ಅತ್ತೆ. ಒಂದ್ಸಲನೂ ಹಿಂಗಾಗಿರ್ಲಿಲ್ಲ..."

ನಾನು ಅಡ್ಡ ಬಂದೆ. "ಹೋಗ್ಲಿ ಬಿಡವ್ವ, ಹೊಸಬಳು. ಮಳೆಗಾಲದ ತಂಡಿಗೆ ಹಿಂಗಾಗ್ತೈತಿ."

ಆಮೇಲೆ ಹಿತ್ತಲಲ್ಲಿ ನನ್ನ ಕೈ ಹಿಡಿದುಕೊಂಡಳು. "ನೀವಾದ್ರೂ ಇದ್ದೀರಲ್ಲ ಅಕ್ಕಾರೇ." ಕಣ್ಣಲ್ಲಿ ನೀರು. ನನಗೆ ಖುಷಿಯಾಯಿತು. ಯಾರೂ ಓದದ ಪುಸ್ತಕದಲ್ಲಿ ಸುಳ್ಳು ಬರೆಯುವುದೇಕೆ?

೧೯-೬, ಬುಧವಾರ

ಎರಡನೆಯದೂ ಕೊಳೆಯಿತು. ನಿನ್ನೆಯೆಲ್ಲ ಗಂಟನ್ನು ಮಡಿಲಲ್ಲಿಟ್ಟು, ಸೆರಗು ಮುಚ್ಚಿಕೊಂಡು ಕೂತಿದ್ದಳು — ಮೊಟ್ಟೆಗೆ ಕಾವು ಕೊಡುವ ಕೋಳಿಯ ಹಾಗೆ. ಪಾತ್ರೆ ತಿಕ್ಕುವ ದುರುಗಮ್ಮನಿಗೆ ತೋರಿಸಿದೆ. ಇಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕೆವು.

ಆದರೆ ಹುಡುಗಿ ದಡ್ಡಿಯಲ್ಲ. "ಕಾಳೇ ಹಳೇದೇನೋ ಅಕ್ಕಾರೇ?" ಅಂದಳು, ಅವ್ವನ ಎದುರಿಗೇ. "ಹಂಗಾದ್ರೆ ಅದೇ ಕಾಳು ನಾನೂ ಕಟ್ತೀನಿ, ನೋಡೋಣ" ಅಂದೆ. ಉಗ್ರಾಣಕ್ಕೆ ಹೋಗಿ ಡಬ್ಬಿಯ ಮುಚ್ಚಳ ಸದ್ದು ಮಾಡಿ, ಪಕ್ಕದ ಮೂಟೆಯಿಂದ ಹಿಡಿ ತುಂಬಿಕೊಂಡು ಬಂದೆ.

೨೧-೬, ಶುಕ್ರವಾರ

ನನ್ನದು ಬೆರಳುದ್ದ. ಬೆಳ್ಳಗೆ, ಮಲ್ಲಿಗೆ ಹಾಗೆ. ಅವ್ವ ತಟ್ಟೆಯನ್ನು ಸೊಸೆಯ ಮುಖದ ಹತ್ತಿರ ಹಿಡಿದಳು. "ನೋಡು. ಅದೇ ಡಬ್ಬಿದು. ಮುಂಡೆ ಕೈಯಾಗೂ ಮೊಳೀತು."

ಮುಂಡೆ. ನನ್ನ ಪರ ಮಾತಾಡುವಾಗಲೂ ಅವ್ವನಿಗೆ ಆ ಮಾತೇ ಬೇಕು. ಇರಲಿ. ಕೋಸಂಬರಿ ಮಾಡಿ ಬಡಿಸಿದೆ. ಅವಳು ಎಲೆಯಲ್ಲಿ ಹಾಗೇ ಬಿಟ್ಟಳು.

೨೬-೬, ಬುಧವಾರ

ಮೂರನೆಯದು. ಅದೇ ವಾಸನೆ. ಕೀಲಿಕೈ ನನ್ನಲ್ಲೇ.

೨-೯-೧೯೫೭, ಸೋಮವಾರ

ಎರಡು ತಿಂಗಳು ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ, ಮನೆ ನನ್ನ ಮಾತಿನಂತೆ ನಡೆಯುತ್ತಿತ್ತು. ಸರ್ವಮಂಗಳ ಬೀಜ ಮುಟ್ಟುವ ಹಾಗಿಲ್ಲ, ಹಾಲಿಗೆ ಹೆಪ್ಪು ಹಾಕುವ ಹಾಗಿಲ್ಲ. ಪಕ್ಕದ ಮನೆಯ ವರದಮ್ಮ ತನ್ನ ಕೂಸನ್ನು ಅವಳ ತೊಡೆಯಿಂದ ಎತ್ತಿಕೊಂಡು ಹೋದಳಂತೆ. ತಮ್ಮ ಅವಳು ಬಡಿಸಿದರೆ ಉಣ್ಣುವುದಿಲ್ಲ. "ಅಕ್ಕಾ, ನೀನೇ ಹಾಕು" ಅನ್ನುತ್ತಾನೆ.

ಇವತ್ತು ಸುದ್ದಿ. ಅವಳು ಬಸುರಿ. ಮೂರು ತಿಂಗಳು.

ಈಗ ಕೀಲಿಕೈ ಹೋಯಿತು ಅಂದುಕೊಂಡೆ. ಇಲ್ಲ. ಅವ್ವ ಅವಳನ್ನು ಮೇಲಿಂದ ಕೆಳಗೆ ನೋಡಿ, "ನಿಂತೈತಿ, ಸರಿ. ಆ ಕೈಯಾಗೆ ಉಳೀಬೇಕಲ್ಲ" ಅಂದಳು. ಅಷ್ಟೇ. ನಾನು ಇಷ್ಟು ಕೇಳಿರಲಿಲ್ಲ. ಅವ್ವ ಯಾವತ್ತೂ ಕೈಬಿಚ್ಚಿ ಅಳೆಯುವವಳು.

೧೪-೧೧-೧೯೫೭, ಗುರುವಾರ

ಹೊಟ್ಟೆ ಕಾಣುತ್ತಿದೆ. ಅವಳು ಅದರ ಮೇಲೆ ಕೈ ಇಡುವುದಿಲ್ಲ. ಬಸುರಿಯರೆಲ್ಲ ಇಡುತ್ತಾರೆ, ತಿಳಿಯದೆಯೇ ಇಡುತ್ತಾರೆ. ಇವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಓಡಾಡುತ್ತಾಳೆ. ಕೇಳಿದೆ.

"ನನ್ನ ಕೈ ತಾಗಿದ್ರೆ ಅದೂ ಕೊಳೀತದೆ ಅಕ್ಕಾರೇ."

ಹೇಳಿಬಿಡಲೇ ಅನ್ನಿಸಿತು. ತುಟಿಯವರೆಗೆ ಬಂತು. ಸೊಂಟದಲ್ಲಿ ಕೀಲಿಕೈ ಚುಚ್ಚಿತು. ಹೆರಿಗೆಗೆ ತವರಿಗೆ ಹೋಗಲಿ, ಬಂದ ಮೇಲೆ ನೋಡೋಣ... ಹನ್ನೊಂದರ ಬಸ್ಸಿಗೆ ಹೋದಳು. ಗಂಟುಮೂಟೆ ನಾನೇ ಹೊತ್ತು ಏರಿಸಿದೆ. ಜನ ನೋಡಿ, ಗಂಡನ ಅಕ್ಕ ಅಂದರೆ ಹೀಗಿರಬೇಕು ಅಂದರು.

೯-೩-೧೯೫೮, ಭಾನುವಾರ

ಕುಪ್ಪಗಡ್ಡೆಯಿಂದ ಕಾರ್ಡು. ಗಂಡು. ಇಪ್ಪತ್ತು ದಿನದ ಕೂಸು. ಗಟ್ಟಿಯಾಗಿದೆ. ಆದರೆ ತಾಯಿ ಎತ್ತಿಕೊಳ್ಳುವುದಿಲ್ಲವಂತೆ. ಅವಳ ತಾಯಿ ಕೂಸನ್ನು ಎದೆಗೆ ಹಿಡಿಯಬೇಕು, ಇವಳು ಕೈ ಹಿಂದೆ ಕಟ್ಟಿಕೊಂಡೇ ಹಾಲು ಕೊಡುತ್ತಾಳೆ.

ತಮ್ಮ ಕಾರ್ಡು ಓದಿ ಮಡಚಿ ಜೇಬಿಗೆ ಹಾಕಿದ. ನೋಡಲು ಹೋಗಲಿಲ್ಲ.

ಬಿಸ್ಕತ್ತು ಡಬ್ಬಿಯಲ್ಲಿ ಇನ್ನೂ ಒಂದು ಸೇರು ಕಾಳು ಇದೆ. ಎಸೆಯಬೇಕು. ಆದರೆ ಕಾಳು ಎಸೆದು ಗೊತ್ತಿಲ್ಲ ಈ ಕೈಗೆ. ಬೇಯಿಸಿ ಸಾರು ಮಾಡಿದರಾಯಿತು.

೨೭-೪-೧೯೫೮, ಭಾನುವಾರ. ಸಂಜೆ.

ಸಾರು ಮಾಡಲಿಲ್ಲ. ಯಾಕೆ ಮಾಡಲಿಲ್ಲ? ಯಾಕೆ ಮಾಡಲಿಲ್ಲ ನಾನು?

ಸರ್ವಮಂಗಳನ ಅಪ್ಪ ಪರಮಶಿವಪ್ಪ ಬಂದಿದ್ದಾರೆ. ಮಾತು ಕಡಿಮೆ. ನೀರು ಕುಡಿದು, ನೇರ ಅವ್ವನಿಗೆ: "ನಾವು ಬಿತ್ತೋಕೆ ಮುಂಚೆ ಒಂದ್ ಹಿಡಿ ಕಟ್ಟಿ, ಮೊಳಕೆ ಬಂದ್ರೇನೇ ಗದ್ದೆಗೆ ಹಾಕೋದು. ಬೀಜನ ಪರೀಕ್ಷೆ ಮಾಡ್ತೀವಿ, ಕೈಯನ್ನಲ್ಲ. ನನ್ನ ಮಗಳು ಕಟ್ಟಿದ್ದು ಯಾವ ಕಾಳು?"

"ಕಾಳಿಂದೇನೂ ಇಲ್ರೀ. ಅದೇ ಡಬ್ಬಿದು ನಮ್ಮ ರಾಜಿ ಕಟ್ಟಿ ತೋರಿಸ್ಯಾಳ. ಬೆರಳುದ್ದ ಬಂದಿತ್ತು. ಇನ್ನೂ ಐತಲ್ಲ, ರಾಜೀ, ತಾ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು, ಕೈ ತಾನಾಗಿ ಕೀಲಿಕೈ ಮುಟ್ಟಿತು. ಡಬ್ಬಿ ತಂದಿಟ್ಟೆ. ಅವರು ಒಂದು ಕಾಳು ಹಲ್ಲಿಗಿಟ್ಟು ಕಡಿದರು. ಅಗಿದರು. ನನ್ನನ್ನೇ ನೋಡುತ್ತ ಇನ್ನೊಂದು ಕಡಿದರು. ಹುರಿದದ್ದು ಹಲ್ಲಿಗೆ ಗೊತ್ತಾಗುತ್ತದೆ, ಈಗ ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಒಳ್ಳೇ ಕಾಳು" ಅಂದರು ಮೆಲ್ಲಗೆ. "ಹಂಗಾದ್ರೆ ಅಕ್ಕಾರೇ ಇನ್ನೊಂದ್ಸಲ ಕಟ್ಲಿ. ನಮ್ಮೆದುರಿಗೇ. ಬುಧವಾರದವರೆಗೆ ನಾನು ಇಲ್ಲೇ ಇರ್ತೀನಿ."

೨೮-೪, ಸೋಮವಾರ

ಕಟ್ಟಿದೆ. ಚೆಲ್ಲಿದ ಕಾಳನ್ನೂ ಒಂದೊಂದಾಗಿ ಹೆಕ್ಕಿ ಹಾಕಿದೆ. ಗಂಟಿಗೆ ನೂಲು ಸುತ್ತಿ, ಅರಗು ಕರಗಿಸಿ, ತನ್ನ ಅಂಗಡಿಯ ಮುದ್ರೆ ಒತ್ತಿದವನು ನನ್ನ ತಮ್ಮ. ನನ್ನ ಮುಖ ನೋಡಲಿಲ್ಲ. ಗೂಟದ ಕೆಳಗೇ ಅವ್ವ ಚಾಪೆ ಹಾಸಿಕೊಂಡಿದ್ದಾಳೆ.

೨೯-೪, ಮಂಗಳವಾರ

ಉರಿಬಿಸಿಲು. ಇಂಥ ಸೆಕೆಗೆ ಒಂದೇ ದಿನದಲ್ಲಿ ಮೊಳಕೆ ಬಟ್ಟೆ ತೂರಿ ಬರಬೇಕು. ತಂಡಿ ಎನ್ನುವ ಹಾಗೂ ಇಲ್ಲ. ನಿಜ ಹೇಳಿದರೆ ಕೆಟ್ಟವಳು. ಹೇಳದಿದ್ದರೆ ಕೈ ಕೆಟ್ಟದ್ದು. ಸೊರಬದವರು ಕಾಲು ಕೆಟ್ಟದ್ದೆಂದರು. ಕೈಯೂ ಕೆಟ್ಟದ್ದಾದರೆ ಯಾವ ಬಸ್ಸು ಹತ್ತಲಿ? ಹೋಗಲು ಮೂರನೇ ಮನೆಯಿಲ್ಲ.

ಮಧ್ಯಾಹ್ನ ಪರಮಶಿವಪ್ಪ ನನಗೆ ಮಾತ್ರ ಕೇಳುವಷ್ಟು ಅಂದರು: "ನೀರು ಚಿಮುಕಿಸ್ತಾ ಇರಿ ಅಕ್ಕಾರೇ. ಒಣಗೀತು."

೩೦-೪, ಬುಧವಾರ. ಬೆಳಗ್ಗೆ ಐದೂವರೆ.

ಅವ್ವ ಸ್ನಾನಕ್ಕೆ ಹೋದಳು. ಗಂಟು ಇಳಿಸಿಕೊಂಡೆ. ಮುದ್ರೆ ಹಾಗೇ ಇದೆ. ಮಡಿಲಲ್ಲಿಟ್ಟು ಸೆರಗು ಮುಚ್ಚಿದ್ದೇನೆ. ಬಲಗೈ ಬರೆಯುತ್ತಿದೆ, ಎಡಗೈ ಗಂಟಿನ ಮೇಲೆ, ಒತ್ತಿ. ಸರ್ವಮಂಗಳ ಹೀಗೇ ಕೂತಿದ್ದಳು. ಹುರಿದವಳು ನಾನೇ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ... ಒಂದು. ಒಂದೇ ಒಂದು ಕಾಳು.

ಪಡಸಾಲೆಯಲ್ಲಿ ಬೀಗರ ಕೆಮ್ಮು. ತಮ್ಮ ದೇವರ ದೀಪ ಹಚ್ಚಿದ. ಅವ್ವ ಕೂಗುತ್ತಿದ್ದಾಳೆ: "ರಾಜೀ, ಕೀಲಿಕೈ ಬಿಚ್ಚಿಟ್ಟು ಗಂಟು ತಗೊಂಡ್ ಬಾ."

ಬಿಚ್ಚುವ ಮೊದಲೇ ಕೀಲಿಕೈ ಯಾಕೆ? ವಾಸನೆ ಬರುತ್ತಿದೆ. ಸೀರೆಗೂ ಹತ್ತಿದೆ, ಕೈಗೂ. ಮೊದಲು ಕೈ ತೊಳೆದು —