ತವರನ್ನು ಮುಟ್ಟದ ದೆವ್ವ

ಪಾಂಡವಪುರ, ೧೪-೫-೯೫, ಭಾನುವಾರ

ನಾಳೆ ಮಗಳು ಪ್ರಮೀಳಳನ್ನು ಕೆ.ಆರ್. ಪೇಟೆಗೆ, ಗಂಡನ ಮನೆಗೆ ಕಳಿಸಬೇಕು. ಕಳಿಸುತ್ತೇನೆಂದು ಬೀಗರಿಗೆ ನಾನೇ ಕಾಗದ ಹಾಕಿಬಿಟ್ಟಿದ್ದೇನೆ. ಅತ್ತೆ ಹಾಕಿದ ಬರೆ ಅವಳ ತೋಳಿನ ಮೇಲೆ ಇನ್ನೂ ವಾಸಿಯಾಗಿಲ್ಲ.

ಮನಸ್ಸು ಹಗುರಾಗಲೆಂದು ಮ್ಯಾಟಿನಿಗೆ ಕರೆದುಕೊಂಡು ಹೋಗಿದ್ದೆ. ಕೆರೆಗೆ ಬಿದ್ದ ಸೊಸೆ ದೆವ್ವವಾಗಿ ಸೇಡು ತೀರಿಸಿಕೊಳ್ಳುವ ಸಿನಿಮಾದ ಮೂರನೇ ಭಾಗ. ನನಗೆ ಮೊದಲನೆಯದೇ ಮೇಲು. ಅದರಲ್ಲಿ ದೆವ್ವ ಕಾಣುವುದಿಲ್ಲ, ಒದ್ದೆ ಹೆಜ್ಜೆ ಮಾತ್ರ. ಆಮೇಲಿನ ಎರಡರಲ್ಲೂ ಬರೀ ಕಿರುಚಾಟ. ದಾರಿಯಲ್ಲಿ ಇದನ್ನೇ ಹೇಳುತ್ತಿದ್ದೆ.

ಪ್ರಮೀಳ ನಕ್ಕಳು. "ಅದಲ್ಲ ಕಣಪ್ಪಾ. ಮೊದ್ಲು ಗಂಡುನ್ನ ಕೊಂದ್ಲು, ಆಮೇಲೆ ಅತ್ತೇನ, ಈಗ ಮೈದ್ನುನ್ನ. ಏಟು ತಿಂದು ಬಂದೋಳ್ಗೆ ಮಡ್ಲಕ್ಕಿ ಉಯ್ದು ವಾಪಸ್ ಕಳಿಸಿದ್ನಲ್ಲ ಅವ್ರಪ್ಪ, ಅವುನ್ನ ಯಾಕೆ ಮೂರ್ರಲ್ಲೂ ಮುಟ್ನಿಲ್ಲ?"

"ಎತ್ತ ಅಪ್ಪ ಅಲ್ವೇನವ್ವಾ" ಎಂದೆ.

"ಊಂ, ಅದ್ಕೇ ಬುಟ್ಬುಟ್ಲೇನೋ" ಎಂದು ಮುಂದೆ ನಡೆದಳು.

ಇವಳಮ್ಮ ಮಡಿಲಕ್ಕಿಯನ್ನು ಮೊರಕ್ಕೆ ಹಾಕಿ, ಕೊಬ್ಬರಿ ಬೆಲ್ಲ ಜೋಡಿಸಿ ಮಲಗಿದ್ದಾಳೆ. ಕೊಟ್ಟ ಮಾತು ಕೊರಳಿಗೆ ಬಿದ್ದ ಹಗ್ಗದಂತಿದೆ. ಈಗ ತಾನೇ ಎದ್ದು ಅಕ್ಕಿಯನ್ನು ಡಬ್ಬಕ್ಕೆ ವಾಪಸ್ ಸುರಿದು ಬಂದೆ.

ಬೀಗರಿಗೆ ಇನ್ನೊಂದು ಕಾಗದಕ್ಕೆ ಕೂತಿದ್ದೇನೆ. 'ನಾವೆಲ್ಲ ಕ್ಷೇಮ' ಎಂದು ಬರೆದು ಹೊಡೆದುಹಾಕಿದೆ. ಮೂವತ್ತು ವರ್ಷ ಎಲ್ಲ ಕಾಗದವನ್ನೂ ಹಾಗೇ ಶುರು ಮಾಡಿದವನು. ಬೇರೆ ಹೇಗೆ ಶುರು ಮಾಡುವುದೋ.