ಪಂಪು ಹಾಕಿದವರು ನಾವು, ಬೀಗ ಬಿದ್ದದ್ದು ನಿಯಾಜನ ಅಂಗಡಿಗೆ

ಜಿಲ್ಲೆಯ ಸೈಬರ್ ಭದ್ರತೆಯ ಹೊಣೆ ಹೊತ್ತ ಮಾನ್ಯರೇ,

ನಮ್ಮ ತಾಲ್ಲೂಕನ್ನು ಭಯೋತ್ಪಾದನೆಯಿಂದ ಕಾಪಾಡಿದ್ದೇವೆಂದು ನೀವು ಪತ್ರಿಕೆಗಳಿಗೆ ಹೇಳಿದಿರಿ. ಕಾಪಾಡಿದ ಬಗೆ ಇಷ್ಟೆ: ನಿಯಾಜನ ಸೈಬರ್ ಕೆಫೆಗೆ ಬೀಗ ಜಡಿದು ಕಂಪ್ಯೂಟರ್‌ಗಳನ್ನು ಎತ್ತಿಕೊಂಡು ಹೋದಿರಿ. ವಿದ್ಯುತ್ ಜಾಲದ ಮೇಲೆ ದಾಳಿ ನಡೆಸಿದ ಆರೋಪ ಅವನ ಮೇಲಿದೆ. ಆರೋಪ ಶುದ್ಧ ಸುಳ್ಳು.

ಈ ವರ್ಷ, 2009ರ ಮಾರ್ಚ್‌ನಲ್ಲಿ, ಮೊಗ್ಗು ಅರಳಿಸುವ ಹೂಮಳೆ ಕೈಕೊಟ್ಟಿತು. ಮೊಗ್ಗು ಕಟ್ಟಿದ ರೋಬಸ್ಟಾ ಕಾಫಿಗೆ ಆಗ ನೀರು ಬೀಳದಿದ್ದರೆ ವರ್ಷದ ಫಸಲು ಗಿಡದಲ್ಲೇ ಒಣಗುತ್ತದೆ. ಸ್ಪ್ರಿಂಕ್ಲರ್ ಹಾಕೋಣವೆಂದರೆ ಪಂಪಿಗೆ ಬೇಕಾದ ತ್ರೀಫೇಸ್ ಕರೆಂಟು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಮೊದಲೆಲ್ಲ ಕರೆಂಟು ಬಂದ ಸುದ್ದಿ ತೋಟದಿಂದ ತೋಟಕ್ಕೆ ಕೂಗಿನಲ್ಲಿ ಹೋಗುತ್ತಿತ್ತು. ಪಂಪುಗಳೂ ಒಂದರ ಹಿಂದೊಂದು ಶುರುವಾಗುತ್ತಿದ್ದವು. ನಮ್ಮ ಗೋಳು ಕೇಳಲಾರದೆ ನಿಯಾಜ್ ವಿದ್ಯುತ್ ಉಪಕೇಂದ್ರಕ್ಕೆ ಫೋನು ಮಾಡಿ ಸಮಯ ತಿಳಿದುಕೊಂಡ, ಕಂಪ್ಯೂಟರಿನಿಂದ ಬೆಳೆಗಾರರೆಲ್ಲರ ಮೊಬೈಲಿಗೂ ಒಟ್ಟಿಗೆ ಎಸ್ಸೆಮ್ಮೆಸ್ ಕಳಿಸಿದ. ನಾವೆಲ್ಲ ಒಂದೇ ಗಳಿಗೆಯಲ್ಲಿ ಪಂಪು ಹಾಕಿದೆವು. ಅಷ್ಟೂ ಹೊರೆ ಒಮ್ಮೆಗೇ ಬಿದ್ದು ಉಪಕೇಂದ್ರದ ಹಳೆಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಆಸ್ಪತ್ರೆ, ಟೆಲಿಫೋನ್ ಎಕ್ಸ್‌ಚೇಂಜ್ ಎಲ್ಲ ಕತ್ತಲಾದವು.

ಇದರಲ್ಲಿ ದಾಳಿ ಎಲ್ಲಿದೆ, ಮಾನ್ಯರೇ? ಆ ಉಪಕೇಂದ್ರದಲ್ಲಿ ಒಂದಾದರೂ ಕಂಪ್ಯೂಟರ್ ಇದೆಯೇ? ಅಲ್ಲಿ ಇಂದಿಗೂ ಕೈಯಿಂದಲೇ ಹಿಡಿಕೆ ಎಳೆದು ಕರೆಂಟು ಬಿಡುತ್ತಾರೆ. ಇಲ್ಲದ ಯಂತ್ರದೊಳಗೆ ನುಸುಳಿದವನನ್ನು ಹಿಡಿದ ನಿಮ್ಮ ಜಾಣ್ಮೆಗೆ ಪದಕವೊಂದು ಬಾಕಿ ಇದೆ.

ನಿಯಾಜನನ್ನು ದಿನವೂ ಠಾಣೆಗೆ ಕರೆಸುತ್ತೀರಿ. ಮೊನ್ನೆ ಠಾಣೆಯ ಮೆಟ್ಟಿಲ ಬಳಿ ಸಿಕ್ಕಿದ್ದ.

“ಒಳ್ಳೇದಾಗ್ಲಿ ಅಂತ ಮಾಡಿದ್ದು ಮಾರಾಯ್ರೆ,” ಎಂದ. “ನಂಗೆ ಯಾವ ದೇಶದವ್ರ ಪರಿಚಯ ಉಂಟು ಅಂತ ಕೇಳ್ತಾರೆ. ಕೊಪ್ಪದಾಚೆ ನಂಗೆ ನೆಂಟ್ರೂ ಇಲ್ಲ.”

ಜೊತೆಗೆ ಬಂದಿದ್ದ ಅವನ ಹೆಂಡತಿ ಕುಬ್ರಾ ನನ್ನ ಮುಖ ನೋಡಲಿಲ್ಲ. ನನಗೆ ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಆ ಸಿಟ್ಟೇ ಈ ಪತ್ರ.

ಸೈಬರ್ ಭಯೋತ್ಪಾದನೆ ಬರೀ ಗುಮ್ಮ ಎಂದು ನಾನು ಹೇಳುವುದಿಲ್ಲ. ಅಣೆಕಟ್ಟು, ವಿದ್ಯುತ್ತು, ಬ್ಯಾಂಕು ಎಲ್ಲವೂ ಕಂಪ್ಯೂಟರಿನ ಕೈಗೆ ಹೋಗುತ್ತಿರುವಾಗ ಎಚ್ಚರ ಬೇಕೇ ಬೇಕು. ಆದರೆ ನಿಮ್ಮ ಎಚ್ಚರ ಎಂಥದ್ದು? ತಾಲ್ಲೂಕಿನ ಕೆಫೆಗಳಲ್ಲಿ ಕ್ಯಾಬಿನ್ನಿನ ಬಾಗಿಲು ಕೀಳಿಸಿದಿರಿ, ಅಲ್ಲಿಗೆ ಬರುವ ಕಾಲೇಜು ಹುಡುಗಿಯರ ಫೋಟೋ ತೆಗೆಸಿದಿರಿ. ಸುಟ್ಟ ಟ್ರಾನ್ಸ್‌ಫಾರ್ಮರಿನ ಜಾಗಕ್ಕೆ ಬೇರೆಲ್ಲೋ ಬಳಸಿ ಬಿಟ್ಟದ್ದನ್ನು ತಂದು ಕೂರಿಸಿದ್ದಾರೆ. ಅದರ ಬಗ್ಗೆ ನೀವು ತುಟಿ ಪಿಟಕ್ಕೆನ್ನಲಿಲ್ಲ. ನಾಳೆ ನಿಜವಾದ ದುಷ್ಟನೊಬ್ಬ ಯಾವುದೋ ಕೆಫೆಯಲ್ಲಿ ಕೂತರೆ ನಿಮಗೆ ಸುದ್ದಿ ಮುಟ್ಟಿಸಬೇಕಾದವನು ಅದರ ಮಾಲೀಕನೇ. ನಿಯಾಜನ ಗತಿ ನೋಡಿದ ಮೇಲೆ ಯಾರು ಬಾಯಿ ಬಿಡುತ್ತಾರೆ?

ಕೆಫೆಯ ಬೀಗ ತೆಗೆಯಿರಿ. ಅವನ ಕಂಪ್ಯೂಟರ್‌ಗಳನ್ನು ನೀವೇ ತಂದು ಜೋಡಿಸಿ, ಅವನು ನಿರಪರಾಧಿಯೆಂದು ಅದೇ ಪತ್ರಿಕೆಗಳಿಗೆ ಹೇಳಿ. ಆಗದು, ಇದು ದಾಳಿಯೇ ಎನ್ನುವುದಾದರೆ ಕೇಸಿನಲ್ಲಿ ಮೊದಲು ನನ್ನ ಹೆಸರು ಬರೆಯಿರಿ, ಆಮೇಲೆ ಬೆಳೆಗಾರರ ಸಂಘದ ಅಧ್ಯಕ್ಷ ಶಾಂತವೀರಪ್ಪನವರದು. ಸ್ವಿಚ್ಚು ಒತ್ತಿದವರು ನಾವು. ಇಷ್ಟು ದಿನವಾದರೂ ನಮ್ಮಲ್ಲಿ ಒಬ್ಬರನ್ನೂ ಕರೆದು ಯಾವ ದೇಶದವರ ಪರಿಚಯವಿದೆ ಎಂದು ನೀವು ಕೇಳಲಿಲ್ಲ. ಏಕೆ?

ಇಂತಿ,
ವಿಚಾರಣೆಗೆ ಕರೆ ಬಾರದ ಆರೋಪಿ,
ಗಣಪಯ್ಯ
ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು