ಅವ್ವನನ್ನು ಕೇಳಿ ಬಂದೆ

ಅವ್ವಾ,

ಮದುವೆಯ ಮದರಂಗಿ ಇನ್ನೂ ಕೈಯಲ್ಲಿದೆ. ಇವರು ಎಷ್ಟು ಸ್ವೀಟ್ ಗೊತ್ತಾ!

ಅಪ್ಪನಿಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲ. ನಮ್ಮಲ್ಲಿಗೆ ಒಮ್ಮೆ ಕರೆದೆ. "ಬೀಗರ ಮನ್ಯಾಗ ಹ್ಯಾಂಗ ಇರಲವಾ?" ಎಂದರು. ಅದಕ್ಕೇ ಇಂದು ದೊಡವಾಡಕ್ಕೆ ಹೋಗಿ ಧಾರವಾಡದ ವೃದ್ಧಾಶ್ರಮದ ಮಾತೆತ್ತಿದೆ.

"ನಿಮ್ಮವ್ವನ್ನ ಒಂದ್ ಮಾತ ಕೇಳಿ ಬಾ" ಎಂದರು.

ಹೊಲಕ್ಕೆ ಬಂದು ನಿನ್ನ ಸಮಾಧಿಗೆ ವಿಭೂತಿ ಹಚ್ಚಿ, ಬಿಲ್ವಪತ್ರಿ ಏರಿಸಿ, ಕೇಳಿದೆ. ಮರಳಿ ಹೋಗಿ, "ಅವ್ವ ಹೂಂ ಅಂದ್ಲು" ಎಂದೆ.

ಅಪ್ಪ ಜೋರಾಗಿ ನಕ್ಕರು. "ಆಕಿ ಯಾವತ್ತರ ಇಷ್ಟ ಲಗೂ ಹೂಂ ಅಂದಾಳೇನು?"

ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಆಕಿ ಮಾತಿರ್ಲಿ. ನೀ ಹೋಗಂತಿ ಏನವಾ?"

"ಅಲ್ಲಿ ಊಟ ಭಾಳ ಚಲೋ ಇರ್ತೈತಂತ, ಅಪ್ಪಾ" ಎಂದೆ.